ಹಿಂದಿನ ಕೋಣೆಗೆ ಯಾವ ರೇಡಿಯೇಟರ್?

ಪ್ರಶ್ನೆ: ನಾವು ಧಾರವಾಡದವರು, ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇವೆ. ಬ್ಯಾಂಕ್ ಸಾಲ ಮಾಡಿ ವಿಕ್ಟೋರಿಯಾ ರಾಣಿ ಕಾಲದ ಒಂದು ಸಾಲುಮನೆ ಕೊಂಡೆವು. ಗ್ಯಾಸಿನ ಕಾಂಬಿ ಬಾಯ್ಲರ್ ಇದೆ. ಮನೆಯ ಉಳಿದ ಭಾಗವೆಲ್ಲ ಪರವಾಗಿಲ್ಲ, ಅಡುಗೆಮನೆಯ ಮೇಲಿರುವ ಹಿಂದಿನ ಮಲಗುವ ಕೋಣೆ ಮಾತ್ರ ನವೆಂಬರ್ ಬಂತೆಂದರೆ ಕಾಲಿಡಲಾರದಷ್ಟು ತಣ್ಣಗಾಗುತ್ತದೆ. ಹೋದ ಡಿಸೆಂಬರಿನಲ್ಲಿ ಅತ್ತೆ ಮಾವ ಬಂದಿದ್ದರು. ಅವರಿಗೆ ಕೊಡಲು ಇದ್ದದ್ದು ಅದೊಂದೇ ಕೋಣೆ. ಅತ್ತೆ ಊರಿಂದ ತಂದ ಕೌದಿಯ ಮೇಲೆ ಇಲ್ಲಿಯ ಎರಡು ಹೊದಿಕೆ ಹೊದ್ದು ಮಲಗುತ್ತಿದ್ದರು. ಮಾವನಿಗೆ ಮಂಡಿನೋವು. ಬೆಳಿಗ್ಗೆ ಎದ್ದವರೇ ಸೀದಾ ಕೆಳಗಿಳಿದು ಒಲೆಯ ಪಕ್ಕ ಬಂದು ನಿಲ್ಲುತ್ತಿದ್ದರು. ಇಬ್ಬರೂ ಒಂದು ದಿನವೂ ಚಳಿ ಎನ್ನಲಿಲ್ಲ. ಕರೆಸಿಕೊಂಡು ಹೀಗೆ ಮಲಗಿಸಿದೆವಲ್ಲ ಎಂಬ ಸಂಕಟ ನನಗಿನ್ನೂ ಹೋಗಿಲ್ಲ. ಈ ಅಕ್ಟೋಬರಿಗೆ ಮತ್ತೆ ಬರುತ್ತಿದ್ದಾರೆ.

ಆ ಕೋಣೆಯ ರೇಡಿಯೇಟರ್ ಹಳೆಯದು, ಒಂಟಿ ಹಲಗೆಯದು, 80 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರ. ಬದಲಿಸೋಣ ಎಂದು ನಿರ್ಧರಿಸಿದ್ದೇವೆ. ನಮ್ಮವರು ನೆಟ್ಟಗೆ ನಿಲ್ಲುವ ಕಡುಬೂದು ಬಣ್ಣದ ಚೆಂದದ ರೇಡಿಯೇಟರ್ ಒಂದನ್ನು ನೋಡಿಟ್ಟಿದ್ದಾರೆ. ಪ್ಲಂಬರ್ ಬಂದು ಅರ್ಧ ನಿಮಿಷ ನೋಡಿ ‘ಡಬಲ್ ಹಾಕಿಬಿಡಿ’ ಅಂದರು. ಅಂಗಡಿಯಲ್ಲಿ ಕೇಳಿದರೆ ದೊಡ್ಡದು ಹಾಕಿದಷ್ಟೂ ಗ್ಯಾಸ್ ಬಿಲ್ ಹೆಚ್ಚು ಎಂದರು. ಯಾರ ಮಾತು ನಂಬಬೇಕೋ ತಿಳಿಯುತ್ತಿಲ್ಲ. ಕೋಣೆ ಮೂರೂವರೆ ಮೀಟರ್ ಉದ್ದ, ಮೂರು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರ. ಎರಡು ಗೋಡೆ ಹೊರಗಿನವು. ಹಳೇ ಡಬಲ್ ಗಾಜಿನ ಒಂದು ಕಿಟಕಿ. ಬಾಯ್ಲರ್ ಮೇಲೆ 60 ಎಂದು ತೋರಿಸುತ್ತದೆ. ಮೂಲೆಯಲ್ಲಿ ಬೂಷ್ಟು ಬೇರೆ ಹಿಡಿಯುತ್ತಿದೆ. ದಯವಿಟ್ಟು ದಾರಿ ತೋರಿಸಿ.

ಉತ್ತರ: ಅಂಗಡಿಯವರ ಮಾತನ್ನು ಮೊದಲು ಪಕ್ಕಕ್ಕಿಡಿ. ರೇಡಿಯೇಟರ್ ದೊಡ್ಡದಾದ ಮಾತ್ರಕ್ಕೆ ಬಿಲ್ ಏರುವುದಿಲ್ಲ. ಬಿಲ್ ಏರುವುದು ಕೋಣೆ ಹೊರಗೆ ಚೆಲ್ಲುವ ಶಾಖದಿಂದ. ತಳ ತೂತಾದ ಕೊಡಕ್ಕೆ ಚೊಂಬಿನಲ್ಲಿ ಹೊಯ್ದರೂ ಬಿಂದಿಗೆಯಲ್ಲಿ ಹೊಯ್ದರೂ ನೀರಿನ ಮಟ್ಟವನ್ನು ಒಂದೇ ಎತ್ತರದಲ್ಲಿ ಹಿಡಿದಿಡಲು ಬೇಕಾಗುವುದು ಸೋರಿದಷ್ಟೇ ನೀರು. ಈಗ ಆ ಕೋಣೆ 14 ಡಿಗ್ರಿಯಲ್ಲಿದ್ದು ನಾಳೆ 20 ಡಿಗ್ರಿಗೆ ಏರಿದರೆ ಖರ್ಚು ಸ್ವಲ್ಪ ಹೆಚ್ಚುವುದು ನಿಜ. ಅದು ಬೆಚ್ಚಗಿರುವುದಕ್ಕೆ ತೆರುವ ಬೆಲೆ. ಆ 20 ಡಿಗ್ರಿಯನ್ನು ದೊಡ್ಡ ರೇಡಿಯೇಟರ್‌ನಿಂದ ಪಡೆಯುವುದು ಚಿಕ್ಕದರಿಂದ ಪಡೆಯುವುದಕ್ಕಿಂತ ಅಗ್ಗವೇ ಆಗಬಹುದು. ಕಾರಣ ಮುಂದೆ ಹೇಳುತ್ತೇನೆ.

ಪ್ಲಂಬರ್ ‘ಡಬಲ್ ಹಾಕಿ’ ಎಂದದ್ದು ತಪ್ಪಲ್ಲ, ಅರ್ಧ ಉತ್ತರ. ಯಾವ ಅಳತೆಯ ಡಬಲ್, ಎಷ್ಟು ಬಿಸಿಯ ನೀರಿಗೆ, ಎಷ್ಟು ಶಾಖ ಕಳೆದುಕೊಳ್ಳುವ ಕೋಣೆಗೆ ಎಂಬುದನ್ನು ಅವರು ಕೇಳಿಲ್ಲ, ಅಳೆದೂ ಇಲ್ಲ. ಕೋಣೆಯನ್ನು ಅಳೆಯದೆ ರೇಡಿಯೇಟರ್ ಆರಿಸುವುದು ಈ ದೇಶದಲ್ಲಿ ದಿನಾ ನಡೆಯುತ್ತದೆ. ಅದರ ಫಲವಾಗಿಯೇ ಇಷ್ಟೊಂದು ಮನೆಗಳಲ್ಲಿ ಒಂದು ಕೋಣೆ ಸುಡುತ್ತದೆ, ಇನ್ನೊಂದು ನಡುಗಿಸುತ್ತದೆ.

ಹಣ ಖರ್ಚು ಮಾಡುವ ಮೊದಲು, ಇರುವ ರೇಡಿಯೇಟರ್ ತನ್ನ ಕೆಲಸವನ್ನಾದರೂ ಪೂರ್ತಿ ಮಾಡುತ್ತಿದೆಯೇ ನೋಡಿ. ಬಾಯ್ಲರ್ ಹಚ್ಚಿ ಅರ್ಧ ಗಂಟೆ ಬಿಟ್ಟು ಅಂಗೈಯನ್ನು ಹಲಗೆಯ ಮೇಲೆ ನಿಧಾನವಾಗಿ ಆಡಿಸಿ. ಕೆಳಗೆ ಬಿಸಿ, ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಬಾಯ್ಲರ್ ಆರಿಸಿ ತಣಿಯಲು ಬಿಟ್ಟು, ಮೇಲ್ತುದಿಯಲ್ಲಿರುವ ಚೌಕ ತಲೆಯ ಪುಟ್ಟ ತಿರುಪನ್ನು ಬ್ಲೀಡ್ ಕೀಲಿಯಿಂದ ಕಾಲು ಸುತ್ತು ಸಡಿಲಿಸಿ. ಕೆಳಗೆ ಒಂದು ಬಟ್ಟೆ ಹಿಡಿದಿರಿ. ಸುಸ್ಸೆಂದು ಗಾಳಿ ಹೋಗಿ ನೀರು ಜಿನುಗಿದ ಕೂಡಲೇ ಬಿಗಿಮಾಡಿ. ಆಮೇಲೆ ಬಾಯ್ಲರಿನ ಒತ್ತಡದ ಮುಳ್ಳು ನೋಡಿ. ತಣ್ಣಗಿದ್ದಾಗ ಅದು 1ರಿಂದ 1.5 ಬಾರ್ ನಡುವೆ ಇರಬೇಕು. ಕಮ್ಮಿಯಿದ್ದರೆ ಫಿಲ್ಲಿಂಗ್ ಲೂಪ್ ತೆರೆದು ತುಂಬಿಸಿ.

ಮೇಲೆ ಬಿಸಿಯಿದ್ದು ಕೆಳಭಾಗದ ನಡುವೆ ತಣ್ಣಗಿದ್ದರೆ ಅದು ಗಾಳಿಯಲ್ಲ, ರಾಡಿ. ವರ್ಷಗಟ್ಟಲೆ ಉಕ್ಕು ಒಳಗೊಳಗೇ ತುಕ್ಕು ಹಿಡಿದು ಮ್ಯಾಗ್ನೆಟೈಟ್ ಎಂಬ ಕಪ್ಪು ಪುಡಿಯಾಗಿ ತಳದಲ್ಲಿ ಕೂತಿರುತ್ತದೆ. ಇಂಥ ರೇಡಿಯೇಟರ್ ಬಿಚ್ಚಿ ಹಿತ್ತಲಿಗೆ ಒಯ್ದು ವಾಲಿಸಿದರೆ ಮಸಿಯಂಥ ನೀರು ಸುರಿಯುತ್ತದೆ. ಕಾರ್ಪೆಟ್ಟಿನ ಮೇಲೆ ಒಂದು ಹನಿ ಬಿದ್ದರೂ ಕಲೆ ಹೋಗುವುದಿಲ್ಲ, ಎಚ್ಚರ. ಒಂದರಲ್ಲಿ ರಾಡಿಯಿದ್ದರೆ ಉಳಿದವುಗಳಲ್ಲೂ ಇರುತ್ತದೆ, ಬಾಯ್ಲರಿನ ಹೊಟ್ಟೆಯಲ್ಲೂ ಇರುತ್ತದೆ. ಪೈಪುಗಳನ್ನೆಲ್ಲ ತೊಳೆಸದೆ ಹೊಸ ರೇಡಿಯೇಟರ್ ಹಾಕಿದರೆ ಅದೇ ಕೊಳೆ ಹೊಸದಕ್ಕೆ ಸಾಗುತ್ತದೆ.

ಇಡೀ ಹಲಗೆ ತಣ್ಣಗಿದ್ದರೆ ವಾಲ್ವ್ ಕಡೆ ನೋಡಿ. ಅಂಕೆಗಳಿರುವ ಥರ್ಮೋಸ್ಟಾಟಿಕ್ ವಾಲ್ವಿನ ತಲೆ ಬಿಚ್ಚಿದರೆ ನಡುವೆ ಸಣ್ಣ ಕಡ್ಡಿಯೊಂದು ಕಾಣುತ್ತದೆ. ಬೇಸಿಗೆಯುದ್ದಕ್ಕೂ ಮುಚ್ಚಿದ್ದ ವಾಲ್ವಿನಲ್ಲಿ ಅದು ಒಳಗೇ ಕಚ್ಚಿಕೊಂಡು ಬಿಡುತ್ತದೆ. ನಾಣ್ಯದಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಪುಟಿದು ಮೇಲೆ ಬರಬೇಕು. ಬಂದರೆ ನಿಮ್ಮ ಕೋಣೆಯ ಕಾಯಿಲೆಗೆ ಐದು ನಿಮಿಷದ ಮದ್ದು ಸಿಕ್ಕಿತು.

ಇದೆಲ್ಲ ಸರಿಯಿದ್ದೂ ಕೋಣೆ ತಣ್ಣಗಿರುವ ಮನೆಗಳಲ್ಲಿ ನಾನು ಮುಂದೆ ಕೇಳುವ ಪ್ರಶ್ನೆ: ಗೋಡೆಯ ಥರ್ಮೋಸ್ಟಾಟ್ ಎಲ್ಲಿದೆ? ಇಂಥ ಸಾಲುಮನೆಗಳಲ್ಲಿ ಬಹುಮಟ್ಟಿಗೆ ಅದು ಮುಂಬಾಗಿಲ ಒಳಗಿನ ಹಾಲ್‌ವೇಯಲ್ಲಿರುತ್ತದೆ, ಎದುರಿಗೇ ಒಂದು ರೇಡಿಯೇಟರ್. ಬಾಯ್ಲರ್ ಹತ್ತಿದ ಸ್ವಲ್ಪ ಹೊತ್ತಿಗೆ ಹಾಲ್‌ವೇ ಬಿಸಿಯಾಗುತ್ತದೆ, ಮನೆ ಬೆಚ್ಚಗಾಯಿತೆಂದು ಥರ್ಮೋಸ್ಟಾಟ್ ಬಾಯ್ಲರನ್ನು ನಿಲ್ಲಿಸುತ್ತದೆ. ಪೈಪಿನ ಕೊನೆಯಲ್ಲಿರುವ ಹಿಂದಿನ ಕೋಣೆಯ ರೇಡಿಯೇಟರ್ ಆಗಿನ್ನೂ ಬೆಚ್ಚಗಾಗಲು ಶುರುಮಾಡಿರುತ್ತದೆ ಅಷ್ಟೆ. ಅಲ್ಲಿ ಎಷ್ಟೇ ದೊಡ್ಡ ರೇಡಿಯೇಟರ್ ತಂದು ನಿಲ್ಲಿಸಿದರೂ ಅದಕ್ಕೆ ಬಿಸಿನೀರು ಸಿಗುವ ಸಮಯವೇ ಇಲ್ಲ. ಹಾಲ್‌ವೇ ರೇಡಿಯೇಟರಿನ ಇನ್ನೊಂದು ತುದಿಯಲ್ಲಿ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿದ ಲಾಕ್‌ಶೀಲ್ಡ್ ವಾಲ್ವ್ ಇರುತ್ತದೆ. ಟೊಪ್ಪಿ ತೆಗೆದು ಸ್ಪ್ಯಾನರಿನಿಂದ ಅದನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚಿ, ಹಿಂದಿನ ಕೋಣೆಯದನ್ನು ಪೂರ್ತಿ ತೆರೆದಿಡಿ. ಬಾಯ್ಲರಿಗೆ ಹತ್ತಿರದವನ್ನು ಹೆಚ್ಚು ಮುಚ್ಚುವುದು, ದೂರದವನ್ನು ಹೆಚ್ಚು ತೆರೆಯುವುದು. ಇದನ್ನೇ ಬ್ಯಾಲೆನ್ಸಿಂಗ್ ಎನ್ನುತ್ತಾರೆ. ಇದಕ್ಕೆ ಬೇಕಾದದ್ದು ಒಂದು ಸ್ಪ್ಯಾನರ್, ಒಂದು ರಜಾದಿನ, ಸ್ವಲ್ಪ ತಾಳ್ಮೆ. ನಿಮ್ಮದು ನಿಸ್ತಂತು ಥರ್ಮೋಸ್ಟಾಟ್ ಆಗಿದ್ದರೆ ಇನ್ನೂ ಸುಲಭ. ಅತ್ತೆ ಮಾವ ಇರುವಷ್ಟು ದಿನ ಅದನ್ನು ಅವರ ಕೋಣೆಯಲ್ಲೇ ಇಟ್ಟು, ಬೇರೆ ಕೋಣೆಗಳನ್ನು ಅವುಗಳ ವಾಲ್ವ್ ನೋಡಿಕೊಳ್ಳಲಿ ಎಂದು ಬಿಡಬಹುದು. ಆಗ ಅವರ ಕೋಣೆಯ ರೇಡಿಯೇಟರಿನ ವಾಲ್ವ್ ಮಾತ್ರ ಪೂರ್ತಿ ತೆರೆದಿರಬೇಕು. ಇಲ್ಲದಿದ್ದರೆ ಎರಡೂ ಒಂದರ ಕೆಲಸಕ್ಕೆ ಒಂದು ಅಡ್ಡಬರುತ್ತವೆ.

ಈಗ ಕೋಣೆಗೆ ಬರೋಣ. ನೀವು ಬರೆದ ಅಳತೆ ನೋಡಿದರೆ ಇದು ಮನೆಯ ಹಿಂಬದಿಗೆ ಚಾಚಿಕೊಂಡ ಭಾಗ. ಆ ಕಾಲದ ಸಾಲುಮನೆಗಳನ್ನು ಹಾಗೆಯೇ ಕಟ್ಟುತ್ತಿದ್ದರು. ಮುಂದಿನ ಕೋಣೆಗಳಿಗೆ ಎರಡೂ ಪಕ್ಕದಲ್ಲಿ ಬೆಚ್ಚಗಿನ ನೆರೆಮನೆ, ಹಿಂಭಾಗಕ್ಕೆ ಆ ಆಸರೆಯಿಲ್ಲ. ಗೋಡೆ ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆ. ನಡುವೆ ಟೊಳ್ಳು ಬಿಟ್ಟು ಎರಡು ಪದರದ ಗೋಡೆ ಕಟ್ಟುವುದು ಇಲ್ಲಿ ಸಾಮಾನ್ಯವಾದದ್ದು 1920ರ ದಶಕದಿಂದೀಚೆಗೆ. ಗಟ್ಟಿ ಇಟ್ಟಿಗೆ ಗೋಡೆಯ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ, ಒಂದು ಚದರ ಮೀಟರಿನಿಂದ ಸುಮಾರು 2.1 ವ್ಯಾಟ್ ಶಾಖ ಹೊರಹೋಗುತ್ತದೆ ಎಂದು ಲೆಕ್ಕ ಹಿಡಿಯುವುದು ವಾಡಿಕೆ. ನಿಮ್ಮ ಎರಡು ಹೊರಗೋಡೆ, ಕಿಟಕಿ ಕಳೆದು, ಹದಿನೈದು ಚದರ ಮೀಟರಿಗೆ ಒಂದಿಷ್ಟು ಕಮ್ಮಿ. ಹೊರಗೆ ಸೊನ್ನೆಗಿಂತ 3 ಡಿಗ್ರಿ ಕೆಳಗೆ, ಒಳಗೆ 21 ಡಿಗ್ರಿ ಬೇಕು ಎಂದಿಟ್ಟುಕೊಂಡರೆ ವ್ಯತ್ಯಾಸ 24 ಡಿಗ್ರಿ. ಗೋಡೆಗಳೇ ಸುಮಾರು 740 ವ್ಯಾಟ್ ನುಂಗುತ್ತವೆ. ಹಳೇ ಡಬಲ್ ಗಾಜಿನ ಕಿಟಕಿ ಒಂದೂವರೆ ಚದರ ಮೀಟರ್ ಇದ್ದರೆ ಅಲ್ಲಿ 100. ಸಂದಿಗೊಂದಿಗಳಿಂದ ಗಂಟೆಗೊಮ್ಮೆ ಕೋಣೆಯ ಗಾಳಿಯೆಲ್ಲ ಬದಲಾಗುತ್ತದೆ ಎಂದು ಹಿಡಿದರೆ ಅದಕ್ಕೆ 200ರ ಮೇಲೆ. ಕೆಳಗೆ ಅಡುಗೆಮನೆ ಬೆಚ್ಚಗಿರುವುದರಿಂದ ನೆಲದ ಲೆಕ್ಕ ಬಿಡಿ.

ಉಳಿದದ್ದು ಚಾವಣಿ. ಅದರ ಬಗ್ಗೆ ನೀವು ಏನೂ ಬರೆದಿಲ್ಲ. ಆದರೆ ನಿಮ್ಮ ಉತ್ತರವೆಲ್ಲ ಅಲ್ಲೇ ಇದೆ. ಚಾವಣಿಯ ಮೇಲೆ ಏನೂ ಹಾಸಿಲ್ಲದಿದ್ದರೆ ಅದೊಂದೇ 580 ವ್ಯಾಟ್ ಕಳೆಯುತ್ತದೆ. 270 ಮಿ.ಮೀ. ದಪ್ಪ ಗಾಜುನಾರಿನ ಹಾಸು ಹಾಕಿದರೆ ಅದೇ ಚಾವಣಿಯ ನಷ್ಟ 40 ವ್ಯಾಟಿಗೆ ಇಳಿಯುತ್ತದೆ. ಅಂದರೆ ಕೋಣೆಗೆ ಒಟ್ಟು 1,630 ವ್ಯಾಟ್ ಬೇಕಾಗಿದ್ದದ್ದು 1,090ಕ್ಕೆ ಬರುತ್ತದೆ. ಯಾವ ರೇಡಿಯೇಟರ್ ಕೊಂಡರೂ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ದೊಡ್ಡ ಲಾಭ ಸಿಗದು. ಮನೆಯ ಮುಂಭಾಗದ ಅಟ್ಟಕ್ಕೆ ಹಾಸು ಹಾಕಿಸಿ, ಹಿಂದೆ ಚಾಚಿದ ಭಾಗವನ್ನು ಮರೆತೇ ಬಿಟ್ಟ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದರ ಸೂರು ಬೇರೆ, ತಗ್ಗು, ಮುಂದಿನ ಅಟ್ಟದಿಂದ ಅಲ್ಲಿಗೆ ತೂರಲು ದಾರಿಯಿರುವುದಿಲ್ಲ. ಹಾಗಾಗಿ ಹಿಂದಿನ ಮಾಲೀಕರು ‘ಅಟ್ಟಕ್ಕೆ ಇನ್ಸುಲೇಶನ್ ಆಗಿದೆ’ ಎಂದು ಹೇಳಿದ್ದರೂ ನಂಬಿ ಕೂರಬೇಡಿ. ಟಾರ್ಚ್ ಹಿಡಿದು ಯಾರಾದರೂ ಕಣ್ಣಾರೆ ನೋಡಲಿ. ಚಾವಣಿ ಸೂರಿನ ಜೊತೆಗೇ ಇಳಿಜಾರಾಗಿದ್ದರೆ ಮೇಲೆ ಹಾಸಲು ಜಾಗವಿರುವುದಿಲ್ಲ. ಆಗ ಕೆಳಗಿನಿಂದ ಇನ್ಸುಲೇಶನ್ ಅಂಟಿಸಿದ ಪ್ಲಾಸ್ಟರ್‌ಬೋರ್ಡ್ ಹೊಡೆಸಬೇಕಾಗುತ್ತದೆ. ಹಾಸು ಹಾಕುವವರು ಸೂರಂಚಿನ ಗಾಳಿಯಾಡುವ ಸಂದಿಯನ್ನು ಮುಚ್ಚದಂತೆ ನೋಡಿಕೊಳ್ಳಿ. ಮುಚ್ಚಿದರೆ ಮರ ನೆನೆದು ಕೊಳೆಯುತ್ತದೆ.

ಈಗ ರೇಡಿಯೇಟರಿನ ಸಂಖ್ಯೆಗಳು. ಜನ ಮೋಸಹೋಗುವ ಜಾಗ ಇದೇ, ಆದ್ದರಿಂದ ಸ್ವಲ್ಪ ನಿಧಾನಿಸಿ ಓದಿ. ಪೆಟ್ಟಿಗೆಯ ಮೇಲೆ ಬರೆದ ವ್ಯಾಟ್ ಯುರೋಪಿನ ಇಎನ್ 442 ಮಾನದಂಡದ ಪ್ರಕಾರ ಅಳೆದದ್ದು. ನೀರು 75 ಡಿಗ್ರಿಯಲ್ಲಿ ಒಳಹೋಗಿ 65ರಲ್ಲಿ ಹೊರಬರುತ್ತದೆ, ಕೋಣೆ 20ರಲ್ಲಿದೆ ಎಂದು ಅಲ್ಲಿ ಎಣಿಸಿರುತ್ತಾರೆ. ನೀರಿನ ಸರಾಸರಿ 70, ಕೋಣೆಗೂ ಅದಕ್ಕೂ ಅಂತರ 50. ‘ಡೆಲ್ಟಾ ಟಿ 50’ ಎಂದರೆ ಇದೇ. ನಿಮ್ಮ ಬಾಯ್ಲರ್ ಕಳಿಸುತ್ತಿರುವುದು 60 ಡಿಗ್ರಿಯ ನೀರು. 50ರಲ್ಲಿ ಹಿಂದಿರುಗುತ್ತದೆ ಎಂದರೆ ಸರಾಸರಿ 55, ಕೋಣೆ 21 ಇರಬೇಕೆಂದರೆ ಅಂತರ 34 ಮಾತ್ರ. ಅಂತರ ಇಳಿದಷ್ಟಕ್ಕಿಂತ ಹೆಚ್ಚಾಗಿ ಶಾಖ ಇಳಿಯುತ್ತದೆ. 34ರ ಅಂತರದಲ್ಲಿ ರೇಡಿಯೇಟರ್ ತನ್ನ ಪೆಟ್ಟಿಗೆಯ ಸಂಖ್ಯೆಯ ನೂರಕ್ಕೆ ಅರವತ್ತರಷ್ಟು ಮಾತ್ರ ಕೊಡುತ್ತದೆ. ನಿಮ್ಮ ಈಗಿನ ಒಂಟಿ ಹಲಗೆ, ಹಿಂದೆ ರೆಕ್ಕೆಯ ತಗಡಿರುವ ಬಗೆಯಾದರೆ, ಪೆಟ್ಟಿಗೆಯ ಲೆಕ್ಕದಲ್ಲಿ ಸುಮಾರು 780 ವ್ಯಾಟ್. ನಿಮ್ಮ ಮನೆಯಲ್ಲಿ ಅದು ಕೊಡುತ್ತಿರುವುದು 470ರ ಆಸುಪಾಸು. ಚಾವಣಿಗೆ ಹಾಸಿಲ್ಲದ ಕೋಣೆಗೆ ಬೇಕಾದ 1,630ರಲ್ಲಿ ಇದು ಮೂರನೇ ಒಂದು ಪಾಲೂ ಅಲ್ಲ. ಅತ್ತೆಯವರ ಮೂರು ಹೊದಿಕೆಗೆ ಕಾರಣ ಈ ಲೆಕ್ಕದಲ್ಲಿದೆ. ನಿಮ್ಮ ಉಪಚಾರದಲ್ಲಿ ಏನೂ ಕೊರತೆಯಿರಲಿಲ್ಲ.

ಹಾಗಾದರೆ ಬಾಯ್ಲರನ್ನು 75ಕ್ಕೆ ಏರಿಸಿಬಿಡೋಣವೇ ಎಂದು ನಿಮ್ಮವರು ಕೇಳಬಹುದು. ಬೇಡ. ಇಂಗ್ಲೆಂಡಿನಲ್ಲಿ 2005ರಿಂದ ಹಾಕುವ ಗ್ಯಾಸ್ ಬಾಯ್ಲರುಗಳು, ಕೆಲವೇ ವಿನಾಯಿತಿ ಬಿಟ್ಟರೆ, ಕಂಡೆನ್ಸಿಂಗ್ ಬಗೆಯವು. ಹಿಂದಿರುಗುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಹೊಗೆಯಲ್ಲಿನ ಹಬೆ ನೀರಾಗಿ, ಆ ಶಾಖವೂ ನಿಮಗೇ ದಕ್ಕುತ್ತದೆ. ನೀರು ಬಿಸಿಯಾದಷ್ಟೂ ಆ ಪಾಲು ಚಿಮಣಿಯಲ್ಲಿ ಹೋಗುತ್ತದೆ. ಒಂದು ಕೋಣೆಗಾಗಿ ಇಡೀ ಮನೆಯ ನೀರನ್ನು ಕುದಿಸುವುದಕ್ಕಿಂತ ಆ ಕೋಣೆಗೆ ದೊಡ್ಡ ರೇಡಿಯೇಟರ್ ಹಾಕಿ ನೀರನ್ನು 60ರಲ್ಲೇ ಇಡುವುದು ಲಾಭ. ದೊಡ್ಡ ರೇಡಿಯೇಟರ್ ಅಗ್ಗವಾಗಬಹುದು ಎಂದು ಮೊದಲೇ ಹೇಳಿದ್ದು ಇದಕ್ಕೇ.

ಚಾವಣಿಗೆ ಹಾಸು ಹಾಕಿದ ಮೇಲೆ ಬೇಕಾದ 1,090 ವ್ಯಾಟನ್ನು 34ರ ಅಂತರದಲ್ಲಿ ಪಡೆಯಲು ಪೆಟ್ಟಿಗೆಯ ಮೇಲೆ ಸುಮಾರು 1,800 ವ್ಯಾಟ್ ಇರಬೇಕು. ಬಿಟಿಯು ಲೆಕ್ಕದಲ್ಲಿ ಬರೆದಿದ್ದರೆ 6,100ರ ಮೇಲೆ. ಒಂದು ವ್ಯಾಟಿಗೆ 3.41 ಬಿಟಿಯು. ಉಕ್ಕಿನ ಹಲಗೆಗಳಲ್ಲಿ ಟೈಪ್ 22 ಎಂದರೆ ಎರಡು ಹಲಗೆ, ನಡುವೆ ಎರಡು ಸಾಲು ರೆಕ್ಕೆ. ಪ್ಲಂಬರ್ ಡಬಲ್ ಎಂದದ್ದು ಇದನ್ನೇ ಇರಬೇಕು. ಟೈಪ್ 22ರಲ್ಲಿ 60 ಸೆಂ.ಮೀ. ಎತ್ತರ, ಒಂದು ಮೀಟರ್ ಅಗಲದ್ದು ಸುಮಾರು 1,730 ವ್ಯಾಟ್ ಕೊಡುತ್ತದೆ, ಕೂದಲೆಳೆಯಷ್ಟು ಕಮ್ಮಿ. 110 ಸೆಂ.ಮೀ. ಅಗಲದ್ದಾದರೆ 1,900. ಅದೇ ನನ್ನ ಆಯ್ಕೆ. ಗೋಡೆಯಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಮೂರು ಹಲಗೆಯ ಟೈಪ್ 33 ನೋಡಿ. ಈಗಿನ 80 ಸೆಂ.ಮೀ. ಅಗಲದಲ್ಲೇ 1,900ರ ಮೇಲೆ ಸಿಗುತ್ತದೆ. ಆದರೆ ಅದು ಗೋಡೆಯಿಂದ ಒಂದು ಗೇಣಿನಷ್ಟು ಮುಂದೆ ಬರುತ್ತದೆ, ನೀರು ತುಂಬಿದರೆ 50 ಕಿಲೋ ಆಸುಪಾಸು ತೂಗುತ್ತದೆ. ಬ್ರಾಕೆಟ್ ಹಳೇ ಗಾರೆಗೆ ಸಾಲದು, ಇಟ್ಟಿಗೆಯೊಳಕ್ಕೇ ಇಳಿಯಬೇಕು. ಚಾವಣಿಯ ಕೆಲಸ ಈ ವರ್ಷ ಆಗುವುದೇ ಇಲ್ಲ ಎಂದಾದರೆ ಪೆಟ್ಟಿಗೆಯ ಮೇಲೆ 2,700 ವ್ಯಾಟ್ ಬೇಕಾಗುತ್ತದೆ. ಅಷ್ಟು ದೊಡ್ಡದನ್ನು ಆ ಪುಟ್ಟ ಕೋಣೆಯಲ್ಲಿ ತುರುಕಲು ನಾನು ಹೇಳುವುದಿಲ್ಲ. ಹಣ ಚಾವಣಿಗೆ ಹೋಗಲಿ.

ನಿಮ್ಮವರು ನೋಡಿಟ್ಟ ನಿಲುವು ರೇಡಿಯೇಟರ್ ಬೇಡವೇ ಬೇಡ ಎನ್ನಲಾರೆ. ಕಿಟಕಿ ಕೆಳಗೆ ಜಾಗವಿಲ್ಲದ ಕೋಣೆಗೆ ಅದು ಒಳ್ಳೆಯದೇ. ಅವರಿಗೆ ಒಂದೇ ಕೆಲಸ ಕೊಡಿ: ಅದರ ಡೆಲ್ಟಾ ಟಿ 50ರ ವ್ಯಾಟ್ ಎಷ್ಟೆಂದು ಬರೆದುಕೊಂಡು ಬರಲಿ. ಕೆಲವು ಮಾರಾಟಗಾರರು ಡೆಲ್ಟಾ ಟಿ 60ರ ಸಂಖ್ಯೆಯನ್ನು ದೊಡ್ಡದಾಗಿ ಮುದ್ರಿಸುತ್ತಾರೆ. ಅದು 50ರ ಸಂಖ್ಯೆಗಿಂತ ಕಾಲು ಪಾಲಿಗೂ ಹೆಚ್ಚು ಕಾಣುತ್ತದೆ, ಕೊಡುವ ಶಾಖ ಮಾತ್ರ ಅಷ್ಟೇ. ಚೆಂದಕ್ಕೆಂದು ಮಾಡಿದ ಕೊಳವೆಯ ರೇಡಿಯೇಟರುಗಳಲ್ಲಿ 1,800 ವ್ಯಾಟ್ ಮುಟ್ಟುವವು ಇವೆ. ಅದೇ ಶಾಖಕ್ಕೆ ಉಕ್ಕಿನ ಹಲಗೆಗಿಂತ ಎಷ್ಟೋ ಹೆಚ್ಚು ಬೆಲೆ. ಕ್ರೋಮ್ ಹೊಳಪಿನದಂತೂ ಬೇಡ, ಬಣ್ಣ ಬಳಿದ ಮೈಗಿಂತ ಅದು ಕಮ್ಮಿ ಶಾಖ ಕೊಡುತ್ತದೆ. ಇನ್ನೊಂದು ಮಾತು, ಪೈಪುಗಳು ಈಗ 80 ಸೆಂ.ಮೀ. ದೂರದಲ್ಲಿ ನೆಲದಿಂದ ಮೇಲೆ ಬರುತ್ತಿವೆ. ನಿಲುವು ರೇಡಿಯೇಟರಿಗೆ ಅವೆರಡೂ ಹತ್ತಿರ ಬರಬೇಕು. ಅಂದರೆ ನೆಲದ ಹಲಗೆ ಎಬ್ಬಿಸಬೇಕು. 110 ಸೆಂ.ಮೀ.ಯದಕ್ಕೂ ಒಂದು ಕಡೆಯ ಪೈಪ್ ಸರಿಸಬೇಕಾದೀತು, ಆದರೆ ಅದು ಸಣ್ಣ ಕೆಲಸ. ಪ್ಲಂಬರ್ ದರ ಹೇಳುವ ಮುಂಚೆಯೇ ವಾಲ್ವಿನಿಂದ ವಾಲ್ವಿಗೆ ಎಷ್ಟು ದೂರ, ಗೋಡೆಯಿಂದ ಪೈಪಿಗೆ ಎಷ್ಟು ದೂರ ಎರಡನ್ನೂ ಅಳೆದು ಕೊಡಿ.

ಕಿಟಕಿ ಕೆಳಗೆ ಹಾಕುವುದಾದರೆ ಪರದೆ ರೇಡಿಯೇಟರಿನ ಮೇಲೆ ಇಳಿಬೀಳದಿರಲಿ. ಇಳಿಬಿದ್ದರೆ ಬಿಸಿಗಾಳಿಯೆಲ್ಲ ಪರದೆಯ ಹಿಂದೆ ಗಾಜಿಗೆ ಸಲ್ಲುತ್ತದೆ, ಪರದೆಯೊಳಗೆ ಸಿಕ್ಕಿದ ಥರ್ಮೋಸ್ಟಾಟಿಕ್ ವಾಲ್ವ್ ಕೋಣೆ ಬೆಚ್ಚಗಿದೆಯೆಂದು ಭ್ರಮಿಸಿ ನೀರು ನಿಲ್ಲಿಸುತ್ತದೆ. ಪರದೆಯನ್ನು ಕಿಟಕಿಯ ಕೆಳಹಲಗೆಯವರೆಗೆ ಕತ್ತರಿಸಿ ಹೊಲಿಸಿ. ಮಂಚದ ತಲೆಭಾಗವನ್ನೂ ರೇಡಿಯೇಟರಿಗೆ ಒತ್ತಿಡಬೇಡಿ. ಹಿಂದಿನದು ಗಟ್ಟಿ ಇಟ್ಟಿಗೆ ಗೋಡೆಯಾದ್ದರಿಂದ, ಹೊಸದನ್ನು ಸಿಕ್ಕಿಸುವ ಮೊದಲು ಶಾಖ ಹಿಂದಿರುಗಿಸುವ ಬೆಳ್ಳಿ ಹಾಳೆ ಅಂಟಿಸಿದರೆ ಒಂದಿಷ್ಟು ಉಪಯೋಗವಿದೆ.

ಬದಲಿಸುವ ದಿನ ಪ್ಲಂಬರಿಗೆ ಮೂರು ವಿಷಯ ನೆನಪಿಸಿ. ವಾಲ್ವ್‌ಗಳೂ ಹೊಸವಾಗಲಿ. ರಾಡಿ ಕಂಡರೆ ತೊಳೆದು, ಬಾಯ್ಲರಿಗೆ ಹಿಂದಿರುಗುವ ಪೈಪಿಗೆ ಮ್ಯಾಗ್ನೆಟ್ ಫಿಲ್ಟರ್ ಇಲ್ಲದಿದ್ದರೆ ಹಾಕಲಿ. ಮತ್ತೆ ನೀರು ತುಂಬುವಾಗ ತುಕ್ಕು ತಡೆಯುವ ಇನ್ಹಿಬಿಟರ್ ದ್ರವ ಬೆರೆಸಲಿ. ಇದನ್ನು ಮರೆಯುವವರು ಬಹಳ, ಹೊಸ ರೇಡಿಯೇಟರ್ ಕೆಲವೇ ವರ್ಷದಲ್ಲಿ ತೂತಾಗುವುದು ಇದರಿಂದಲೇ. ರೇಡಿಯೇಟರ್ ಬದಲಿಸಲು ಗ್ಯಾಸ್ ಸೇಫ್ ನೋಂದಣಿ ಬೇಕಿಲ್ಲ. ಆದರೆ ಬಾಯ್ಲರಿನ ಗ್ಯಾಸಿನ ಭಾಗ ಬಿಚ್ಚುವುದಾದರೆ ಆ ನೋಂದಣಿಯ ಕಾರ್ಡ್ ತೋರಿಸದವರನ್ನು ಒಳಗೆ ಬಿಡಬೇಡಿ.

ಬೂಷ್ಟಿನ ವಿಚಾರ ಈ ಚಳಿಯದೇ ಇನ್ನೊಂದು ಮುಖ. ಕೆಳಗೆ ಅನ್ನ ಸಾರು ಕುದಿಯುವ ಹಬೆ ಮೆಟ್ಟಿಲೇರಿ ಬಂದು, ಮನೆಯಲ್ಲೇ ತಣ್ಣನೆಯ ಮೂಲೆ ಹುಡುಕಿ ಅಲ್ಲಿ ನೀರಾಗುತ್ತದೆ. ಗೋಡೆ ಬೆಚ್ಚಗಾದರೆ ಅರ್ಧ ಸಮಸ್ಯೆ ಹೋಯಿತು. ಉಳಿದರ್ಧಕ್ಕೆ ಅಡುಗೆ ಮಾಡುವಾಗ ಹೊರಗೆ ಗಾಳಿ ತಳ್ಳುವ ಫ್ಯಾನ್ ಹಾಕಿ, ಬಾಗಿಲು ಮುಚ್ಚಿ. ಒದ್ದೆ ಬಟ್ಟೆಯನ್ನು ಆ ರೇಡಿಯೇಟರಿನ ಮೇಲೆ ಹರಡಲೇಬೇಡಿ. ಒಂದು ಕಂತೆ ಬಟ್ಟೆ ಲೀಟರುಗಟ್ಟಲೆ ನೀರನ್ನು ಕೋಣೆಯ ಗಾಳಿಗೆ ಬಿಡುತ್ತದೆ, ಮೇಲಿಂದ ಶಾಖಕ್ಕೂ ಅಡ್ಡ. ಕಿಟಕಿಯ ಮೇಲಂಚಿನಲ್ಲಿ ಸಣ್ಣ ಗಾಳಿಸೀಳು ಇದ್ದರೆ ಚಳಿಯೆಂದು ಅದಕ್ಕೆ ಟೇಪ್ ಹಚ್ಚಬೇಡಿ.

ಮುಂದೆಂದಾದರೂ ಗ್ಯಾಸ್ ಬಿಟ್ಟು ಹೀಟ್ ಪಂಪಿಗೆ ಹೋಗುವ ಯೋಚನೆ ಇರಬಹುದು. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಅದಕ್ಕೆ 2023ರ ಅಕ್ಟೋಬರಿನಿಂದ 7,500 ಪೌಂಡ್ ಸಹಾಯಧನವಿದೆ. ಹೀಟ್ ಪಂಪ್ ಕೊಡುವುದು 45 ಡಿಗ್ರಿ ಆಸುಪಾಸಿನ ನೀರು. ಆಗ ಈ 1,900 ವ್ಯಾಟಿನ ರೇಡಿಯೇಟರ್ 630ರಷ್ಟು ಕೊಡುತ್ತದೆ. ಆ ಹೊತ್ತಿಗೆ ಹೊರಗೋಡೆಗಳಿಗೆ ಒಳಗಿನಿಂದ ಇನ್ಸುಲೇಶನ್ ಮಾಡಿಸಿದ್ದರೆ ಕೋಣೆಗೆ ಬೇಕಾಗುವುದು 450ರ ಸುಮಾರು. ಆದ್ದರಿಂದ ಇಂದು ಕೊಳ್ಳುವುದು ಅಂದಿಗೂ ವ್ಯರ್ಥವಾಗುವುದಿಲ್ಲ. ಗೋಡೆಯ ಕೆಲಸಕ್ಕೆ ಮಾತ್ರ ಹಳೇ ಇಟ್ಟಿಗೆಮನೆ ಬಲ್ಲವರನ್ನೇ ಕರೆಯಿರಿ. ತಪ್ಪಾಗಿ ಮಾಡಿದರೆ ತೇವ ಗೋಡೆಯೊಳಗೇ ನಿಲ್ಲುತ್ತದೆ.

ಅತ್ತೆ ಮಾವನ ಬಗ್ಗೆ ಒಂದೆರಡು ಮಾತು. ಚಳಿಯಾಗುತ್ತಿದೆಯೇ ಎಂದು ಅವರನ್ನು ಕೇಳಿದರೆ ‘ಏನಿಲ್ಲವಾ, ಛಲೋ ಅದ’ ಎಂದೇ ಹೇಳುತ್ತಾರೆ. ಮಗನಿಗೂ ಸೊಸೆಗೂ ಭಾರವಾಗಬಾರದೆಂದು ನಮ್ಮ ಹಿರಿಯರು ಚಳಿಯನ್ನೂ ನೋವನ್ನೂ ನುಂಗಿಕೊಳ್ಳುತ್ತಾರೆ. ಅದಕ್ಕೆ ಅವರ ಬಾಯಿಮಾತಿಗೆ ಕಾಯಬೇಡಿ. ಅಗ್ಗದ ಥರ್ಮಾಮೀಟರ್ ಒಂದನ್ನು ಮಂಚದ ಎತ್ತರಕ್ಕೆ, ಹೊರಗೋಡೆಗೆ ತಗಲದಂತೆ ಇಡಿ. ವಿಶ್ವ ಆರೋಗ್ಯ ಸಂಸ್ಥೆ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎನ್ನುತ್ತದೆ, ವಯಸ್ಸಾದವರಿಗೆ ಅದಕ್ಕಿಂತ ಹೆಚ್ಚು ಬೇಕಾಗಬಹುದು ಎಂದೂ ಹೇಳುತ್ತದೆ. ಹಗಲು ಕೂರುವಾಗ 20, 21 ಇರಲಿ. ಅವರು ಇರುವ ತಿಂಗಳುಗಳಲ್ಲಿ ರಾತ್ರಿ ಹೀಟಿಂಗ್ ಪೂರ್ತಿ ಆರಿಸದೆ 18ಕ್ಕೆ ಇಳಿಸಿಡಿ. ಗಟ್ಟಿ ಇಟ್ಟಿಗೆ ಗೋಡೆ ಒಮ್ಮೆ ತಣಿದರೆ ಬೆಳಿಗ್ಗೆ ಮತ್ತೆ ಬೆಚ್ಚಗಾಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಮಾವನವರು ಒಲೆಯ ಪಕ್ಕ ಬಂದು ನಿಲ್ಲುತ್ತಿದ್ದದ್ದು ಆ ಹೊತ್ತಿನಲ್ಲೇ.

ಕೆಲಸ ಮುಗಿಯುವಷ್ಟರಲ್ಲಿ ಅವರು ಬಂದೇಬಿಟ್ಟರೆ ಎಣ್ಣೆ ತುಂಬಿದ ಕರೆಂಟಿನ ಹೀಟರ್ ಒಂದನ್ನು ತಂದಿಡಿ. ಇಲ್ಲಿ ಕರೆಂಟಿನ ಯೂನಿಟ್ ಗ್ಯಾಸಿನದಕ್ಕಿಂತ ಹಲವು ಪಟ್ಟು ದುಬಾರಿ, ಇಡೀ ಚಳಿಗಾಲಕ್ಕೆ ಅದೇ ಗತಿಯಾಗಬಾರದು. ಆದರೆ ಕೆಲವು ವಾರಗಳಿಗೆ ಆ ಖರ್ಚನ್ನು ಯೋಚಿಸಬೇಡಿ. ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೇ ಹಾಕಿ, ಎಕ್ಸ್‌ಟೆನ್ಶನ್ ತಂತಿಗೆ ಬೇಡ.

ಅಟ್ಟ ನೋಡುವ ಕೆಲಸ ಈ ಶನಿವಾರವೇ ಆಗಲಿ, ರೇಡಿಯೇಟರ್ ಆಗಸ್ಟಿನಲ್ಲೇ ಹಾಕಿಸಿ. ಮೊದಲ ಚಳಿ ಬಿದ್ದ ವಾರ ಈ ದೇಶದಲ್ಲಿ ಪ್ಲಂಬರ್ ಸಿಗುವುದಿಲ್ಲ. ಹಾಕಿಸಿದ ಮೇಲೆ ಅವರು ಬರುವ ಮುಂಚೆ, ಸೆಪ್ಟೆಂಬರ್ ಕೊನೆಯ ಒಂದು ತಣ್ಣನೆಯ ರಾತ್ರಿ ನೀವಿಬ್ಬರೂ ಆ ಕೋಣೆಯಲ್ಲೇ ಮಲಗಿ ನೋಡಿ. ಬೆಳಿಗ್ಗೆ ಆರಕ್ಕೆ ಥರ್ಮಾಮೀಟರ್ 18ಕ್ಕಿಂತ ಕೆಳಗಿದ್ದರೆ ಹಾಲ್‌ವೇ ಲಾಕ್‌ಶೀಲ್ಡ್ ಇನ್ನೂ ಕಾಲು ಸುತ್ತು ಮುಚ್ಚಿ, ಮರುದಿನ ಮತ್ತೆ ನೋಡಿ. ಆಗಲೂ ಏರದಿದ್ದರೆ ಬಾಯ್ಲರಿನಿಂದ ಹೋಗುವ ಮತ್ತು ಬರುವ ಪೈಪಿನ ಬಿಸಿ ಎಷ್ಟೆಂದು ಅಳೆದು ನನಗೆ ಬರೆಯಿರಿ.